ಸಾಕ್ಷಿ ನೆಟ್ಟ ಭಾನುವಾರ

ಆ ಭಾನುವಾರದ ಎಪಿಸೋಡು ಅಷ್ಟು ಸಪ್ಪೆ ಅಂತ ಮೊದಲೇ ಗೊತ್ತಿದ್ದರೆ ನಾನು ಟೀವಿ ಹಾಕುತ್ತಲೇ ಇರಲಿಲ್ಲವೇನೋ.

ಅದೊಂದು ಇಂಗ್ಲಿಷ್ ಸರಣಿ. ಮುಖಕ್ಕೆ ಮುಸುಕು ಹಾಕಿಕೊಂಡ ಪತ್ತೇದಾರ. ಅವನು ಯಾವ ವಸ್ತುವನ್ನು ಮುಟ್ಟಿದರೂ ಅದನ್ನು ಹಿಂದೆ ಮುಟ್ಟಿದ್ದವರ ಮುಖ ಅವನಿಗೆ ಕಾಣುತ್ತದೆ. ಅದೇ ಅವನ ಶಕ್ತಿ. ಪ್ರತಿ ಭಾನುವಾರ ಊಟ ಮುಗಿದ ಮೇಲೆ ನಾನೂ ಅತ್ತೆಯೂ ತುಮಕೂರಿನ ನಮ್ಮ ಹಾಲಿನಲ್ಲಿ ಕೂತು ನೋಡುತ್ತಿದ್ದೆವು. ಅತ್ತೆಗೆ ಇಂಗ್ಲಿಷ್ ಬಾರದು, ನಾನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಬೇಕು. ಕಾನ್ವೆಂಟಿನಲ್ಲಿ ಓದಿದವಳು ನಾನು. ನನ್ನ ಕನ್ನಡ ಪುಸ್ತಕದ್ದು. "ಅಪರಾಧಿ ಪರಾರಿಯಾಗಿದ್ದಾನೆ ಅತ್ತೆ" ಅಂದರೆ, "ಕಳ್ಳ ಓಡೋದ ಅನ್ನೇ. ಏನ್ ವಾರ್ತೆ ಓದ್ತಿದೀಯಾ?" ಅನ್ನುತ್ತಿದ್ದರು. ನಾಯಕನಿಗೆ ಮುಸುಕಪ್ಪ ಅಂತ ಹೆಸರಿಟ್ಟವರೂ ಅವರೇ.

ಹೀಗೆ ನನ್ನನ್ನು ತಿದ್ದುತ್ತಿದ್ದುದೆಲ್ಲ ಅವರಿಗೆ ಸ್ಟ್ರೋಕ್ ಆಗುವುದಕ್ಕೆ ಮುಂಚಿನ ಮಾತು. ಆಮೇಲೆ ಬಲಗೈ ನಿಧಾನಕ್ಕೆ ಹಿಡಿತಕ್ಕೆ ಬಂತು, ಮಾತು ಬರಲಿಲ್ಲ. "ಹೂಂ", "ಊಹೂಂ", "ಅದು". ನೀರೂ ಅದು, ಸೀರೆಯೂ ಅದು, ಮಗನೂ ಅದು. ತಮ್ಮೂರು ಕಡಬದ ತೋಟದಲ್ಲಿ ಆಳುಗಳನ್ನು ಬದುವಿನ ಮೇಲಿಂದಲೇ ಕೂಗಿ ಕರೆಯುತ್ತಿದ್ದ ಗಂಟಲು ಅದು. ಮಾತು ಕಲಿಸಲು ಬರುತ್ತಿದ್ದ ಹುಡುಗಿ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದ್ದಳು: "ಆಂಟಿ, ಅವ್ರು ತಡವರಿಸಿದ್ರೆ ನೀವು ಮಾತು ಮುಗಿಸ್ಕೊಡ್ಬೇಡಿ. ಕಾಯಿರಿ. ಈಗ ಮಾತು ಬರದೇ ಹೋದ್ರೆ ಆಮೇಲೆ ಕಷ್ಟ."

ಕಾಯುವುದು ಎಷ್ಟು ಕಷ್ಟ ಅಂತ ಅವಳಿಗೆ ಗೊತ್ತಿತ್ತೋ ಇಲ್ಲವೋ. ಬಾಯಿ ತೆರೆದು, ಹುಬ್ಬು ಗಂಟಿಕ್ಕಿ, ಆ ಪದ ಎದುರಿನ ಗೋಡೆಯ ಮೇಲೆಲ್ಲೋ ಇದೆ ಅನ್ನುವ ಹಾಗೆ ಅತ್ತೆ ಹುಡುಕುವಾಗ ಅದು ನನ್ನ ನಾಲಿಗೆ ತುದಿಗೇ ಬಂದಿರುತ್ತಿತ್ತು. ಅದಕ್ಕೇ ಟೀವಿಯ ಮೇಲೆ ನನಗೆ ಆಸೆ. ಮುಸುಕಪ್ಪನನ್ನು ನೋಡಿಯಾದರೂ ಬಯ್ದಾರು ಅಂತ.

ಆ ಭಾನುವಾರದ ಎಪಿಸೋಡಿನಲ್ಲೋ ಬಯ್ಯುವುದಕ್ಕೂ ಏನೂ ಇಲ್ಲ. ಮುಸುಕಪ್ಪ ಒಂದೇ ಕಡೆ, ಪೊಲೀಸಮ್ಮನ ಅಡುಗೆಮನೆಯಲ್ಲಿ ಕೂತಿದ್ದಾನೆ, ಎದುರಿಗೆ ಆಕೆ. ಹಿಂದಿನ ವಾರ ನಾವೇ ನೋಡಿದ್ದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದಾರೆ. ಇಬ್ಬರೂ ಕಾಫಿ ಕುಡಿಯುತ್ತಾರೆ. ಲೋಟ ಎತ್ತುವ ರೀತಿಯಲ್ಲೇ ಗೊತ್ತಾಗುತ್ತದೆ, ಒಳಗೆ ಕಾಫಿಯೇ ಇಲ್ಲ. ಆ ಅಡುಗೆಮನೆಯ ಒಲೆಯ ಸುತ್ತ ಒಂದು ಎಣ್ಣೆಕಲೆ ಬೇಡವೇ? ಹೋಗಲಿ, ಅದು ನನ್ನ ಕಣ್ಣಿನ ಚಾಳಿ ಅನ್ನೋಣ. ಆದರೆ ಎಪಿಸೋಡು ಪೂರ್ತಿ ಅವನು ಗ್ಲೌಸ್ ಹಾಕಿಕೊಂಡೇ ಇದ್ದ! ಬಿಚ್ಚಿ ಕೊಲೆಗೆ ಬಳಸಿದ ಚಾಕುವನ್ನೊಮ್ಮೆ ಮುಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕಥೆ ಎಳೆಯಬೇಕಲ್ಲ, ಅದಕ್ಕೆ ಅವನ ಶಕ್ತಿಯನ್ನು ಬರೆದವರೇ ಮರೆತರು. ಅವನಿಗೆ ಏನಾಗುತ್ತದೋ ಅನ್ನುವ ಒಂದು ಚೂರು ಭಯವೂ ನಮಗೆ ಹುಟ್ಟಲಿಲ್ಲ.

ಅತ್ತೆ ಸೆರಗಿನ ಅಂಚನ್ನು ಮಡಿಸುವುದು, ಬಿಚ್ಚುವುದು ಮಾಡುತ್ತಿದ್ದರು. ನನಗೂ ತೂಕಡಿಕೆ. ಪೊಲೀಸಮ್ಮ ಏನೋ ಅಂದಳು. ಯಾರೋ ಬೇಕಂತಲೇ ಆರೋಪಿಯ ಬೀರುವಿನಲ್ಲಿ ಸತ್ತವನ ವಾಚು ಪ್ಲಾಂಟ್ ಮಾಡಿದಾರೆ ಅಂತ. ಆ 'ಪ್ಲಾಂಟ್' ಅನ್ನು ನಾನು ಅರೆನಿದ್ದೆಯಲ್ಲಿ ಪದಕ್ಕೆ ಪದ ಇಟ್ಟು ಹೇಳಿದೆ:

"ಬೀರುವಿನಲ್ಲಿ ಸಾಕ್ಷಿ ನೆಟ್ಟಿದ್ದಾರೆ ಅತ್ತೆ."

ಸೆರಗು ಮಡಿಸುತ್ತಿದ್ದ ಕೈ ನಿಂತಿತು.

"ನೆಟ್..." ಅಂದರು ಅತ್ತೆ.

ನನ್ನ ನಿದ್ದೆ ಹಾರಿಹೋಯಿತು.

"ನೆಡಕ್ಕೆ... ನೆಡಕ್ಕೆ ಅದೇನು... ತೆಂಗಿನ್..."

ಸಸಿ. ಸಸಿ ಅತ್ತೆ, ಸಸಿ. ಬಾಯಿಗೆ ಬಂದೇಬಿಟ್ಟಿತ್ತು. ರಿಮೋಟು ಹುಡುಕಿ ಟೀವಿ ಸದ್ದು ನಿಲ್ಲಿಸಿದೆ. ತುಟಿ ಕಚ್ಚಿಕೊಂಡು ಕೂತೆ. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಅತ್ತೆಯ ಎಡಗೈ ಗಾಳಿಯಲ್ಲಿ ಗುಂಡಿಯ ಹಾಗೆ ಒಂದು ಸುತ್ತು ಬರೆಯಿತು, ಅದರೊಳಕ್ಕೆ ಏನನ್ನೋ ಇಳಿಸಿತು, ಸುತ್ತ ಮಣ್ಣು ಒತ್ತಿತು.

"ಸಸಿನಾ?" ಅಂದರು. ಆಮೇಲೆ ಎಲ್ಲವನ್ನೂ ಸೇರಿಸಿ, ಜೋರಾಗಿ: "ನೆಡಕ್ಕೆ ಅದೇನು ತೆಂಗಿನ್ ಸಸಿನಾ?"

ನಗು ಬಂತೋ ಅಳು ಬಂತೋ, ಎರಡೂ ಮೂಗಿನಲ್ಲೇ ಬಂತು. ಸೆರಗಿನಲ್ಲಿ ಒರೆಸಿಕೊಂಡೆ. ಅತ್ತೆಗೆ ಅದೆಲ್ಲ ಬೇಕಿರಲಿಲ್ಲ. ತಪ್ಪು ಹೇಳಿ ಸುಮ್ಮನೆ ಕೂತಿದ್ದಾಳಲ್ಲ ಇವಳು, ಅನ್ನುವ ಹಾಗೆ ನೋಡುತ್ತಿದ್ದರು.

"ಮತ್ತೆ ಏನನ್ನಬೇಕು ಅತ್ತೆ?"

ಈ ಸಲ ಅಷ್ಟು ಹೊತ್ತು ಹಿಡಿಯಲಿಲ್ಲ.

"ಮಡಗವ್ನೆ. ಮಡಗವ್ನೆ ಅನ್ನು."

ಮಡಗುವುದು ಅನ್ನುವ ಮಾತನ್ನು ನಾನು ಅದುವರೆಗೆ ಆಡಿದವಳಲ್ಲ. ಸ್ಕೂಲಿನಲ್ಲಿ ಯಾರಾದರೂ ಹಾಗಂದರೆ ಹಳ್ಳಿ ಗುಗ್ಗು ಅಂತ ನಗುತ್ತಿದ್ದರು. ಇಡುವುದು, ಇರಿಸುವುದು, ಇವೇ ನನಗೆ ಸರಾಗ. ಟೀವಿಯಲ್ಲಿ ಮುಸುಕಪ್ಪ ಸದ್ದಿಲ್ಲದೆ ಬಾಯಿ ಆಡಿಸುತ್ತಿದ್ದ.

"ಬೀರುವಲ್ಲಿ ವಾಚು ಮಡಗವ್ನೆ ಅತ್ತೆ," ಅಂದೆ.

"ಯಾರು?"

"ಗೊತ್ತಿಲ್ಲ. ಇನ್ನೂ ಹೇಳಿಲ್ಲ."

ಅತ್ತೆ ಟೀವಿ ಕಡೆಗೊಮ್ಮೆ ನೋಡಿದರು. ತಡವರಿಸಿದರು. ನಾನು ಕಾದೆ.

"ಗ್ಲೌಸು... ಬಿಚ್ಚು ಅನ್ನೇ ಅವ್ನಿಗೆ," ಅಂದರು.