ಉಪ್ಪುನೀರಿನ ಹಗ್ಗ

ಯುದ್ಧದ ಕಾಲ. ಪರದೇಶದ ಮಿಷನ್ನು ಸಿಗುವ ಮಾತೇ ಇರಲಿಲ್ಲ. ಕಾರ್ಖಾನೆಯ ಕೆಲಸ ಬಿಟ್ಟು ಬಂದ ನಮ್ಮ ಯಜಮಾನರು ಮದ್ದೂರಿನ ಮನೆಯ ಹಿತ್ತಲಲ್ಲಿ ಶೆಡ್ಡು ಹಾಕಿ, ತಾವೇ ತಂತಿ ಸುತ್ತಿ ಒಂದು ವೆಲ್ಡಿಂಗ್ ಮಿಷನ್ನು ಕಟ್ಟಿದರು. ಕರೆಂಟು ಹೆಚ್ಚು ಕಡಿಮೆ ಮಾಡಲು ಅದಕ್ಕೊಂದು ತಿರುಗಣೆಯೂ ಇರಲಿಲ್ಲ. ಇದ್ದದ್ದು ಉಪ್ಪುನೀರು ತುಂಬಿದ ಮರದ ಪೀಪಾಯಿ. ತಳದಲ್ಲಿ ಒಂದು ಕಬ್ಬಿಣದ ತಗಡು, ಮೇಲಿನಿಂದ ಹಗ್ಗದಲ್ಲಿ ಇಳಿಬಿಟ್ಟ ಇನ್ನೊಂದು. ಕರೆಂಟು ಆ ನೀರನ್ನು ಹಾದೇ ಬರಬೇಕು. ಮೇಲಿನ ತಗಡು ಇಳಿದಷ್ಟೂ ಕರೆಂಟು ಹೆಚ್ಚು, ಎತ್ತಿದಷ್ಟೂ ಕಡಿಮೆ; ಉಪ್ಪು ಹೆಚ್ಚಿದರೂ ಕರೆಂಟು ಹೆಚ್ಚು. ಒಣ ಹಲಗೆಯ ಮೇಲೆ ನಿಂತು ಹಗ್ಗ ಹಿಡಿಯುವವಳು ನಾನು. ಉಪ್ಪು ಹಾಕುವವಳೂ ನಾನೇ. ಬೈಸಿಕೊಳ್ಳುವವಳು ಯಾರೆಂದು ಬೇರೆ ಹೇಳಬೇಕೆ?

ಮೊದಲ ದೊಡ್ಡ ಕೆಲಸ ತಂದವರು ನಿಡಘಟ್ಟದ ಗೌಡರೊಬ್ಬರು. ಅವರ ಆಲೆಮನೆಯಲ್ಲಿ ಬೆಲ್ಲ ಕಾಯಿಸುವ ಕೊಪ್ಪರಿಗೆಯ ತಳ ಬಿರುಕು ಬಿಟ್ಟಿತ್ತು. ಕಡಿದ ಕಬ್ಬು ಗದ್ದೆಯಲ್ಲೇ ಒಣಗುತ್ತಿತ್ತು.

"ಈ ಕೊಪ್ಪರಿಗೆ ಕೆಟ್ರೆ ಸೆಡ್ಡಿಗೆ ಬೀಗ ಕಣೆ. ಮತ್ತೆ ಕಾರ್ಖಾನೆ ಬಾಗ್ಲಲ್ಲಿ ಕೈ ಕಟ್ಕೊಂಡು ನಿಂತ್ಕಬೇಕು" ಎಂದರು ಯಜಮಾನರು.

ಮೊದಮೊದಲು ಬೆಸುಗೆ ಚೆನ್ನಾಗಿಯೇ ಕೂತಿತು. ಅರ್ಧ ಬಿರುಕು ಮುಚ್ಚುವಷ್ಟರಲ್ಲಿ ಕೊಪ್ಪರಿಗೆಯ ತಳವೇ ಕರಗಿ ಕಾಸಗಲ ತೂತಾಯಿತು.

"ಉಪ್ಪು ಜಾಸ್ತಿ ಸುರಿದ್ಯಾ?"

"ಒಂದ್ ಕಲ್ಲೂ ಆಕಿಲ್ಲ. ಅಗ್ಗಾನೂ ಅಳ್ಳಾಡಿಸಿಲ್ಲ ಕಣ್ರೀ."

ಸಿಟ್ಟಿನಲ್ಲಿ ಪೀಪಾಯಿ ಕಡೆ ತಿರುಗಿದೆ. ನೀರಿನಿಂದ ಹಬೆ ಏಳುತ್ತಿತ್ತು. ಬೆಳಿಗ್ಗೆ ಇದು ತಣ್ಣಗಿತ್ತಲ್ಲ! ಉಪ್ಪು ಅಷ್ಟೇ, ಹಗ್ಗವೂ ಅಲ್ಲೇ, ಬದಲಾದದ್ದು ಬಿಸಿಯೊಂದೇ.

"ನೀರು ಕಾದಂಗೆಲ್ಲ ಕರೆಂಟು ಜಾಸ್ತಿ ಆಯ್ತಾ ಅದೆ. ನೀವು ಸುಮ್ಕೆ ಕೂತ್ಕಂಡು ಬೆಸೀರಿ, ನಾನು ಅಗ್ಗಾನ ಎತ್ತಾ ಬತ್ತೀನಿ."

ಅವರು ಗುರಾಯಿಸಿದರು, ಆದರೂ ಕೂತರು. ತೂತಿಗೆ ತೇಪೆ ಇಟ್ಟು ಬೆಸುಗೆ ಕಡ್ಡಿ ಮುಟ್ಟಿಸಿದರು. ನಾನು ಹಗ್ಗವನ್ನು ನಾಲ್ಕು ಬೆರಳು ಎತ್ತಿದೆ. ಕರೆಂಟು ಸಾಲದೆ ಕಡ್ಡಿ ತೇಪೆಗೆ ಅಂಟಿಕೊಂಡಿತು. ಒಂದು ಬೆರಳು ಇಳಿಸಿದೆ. ಆಗ ಬಂತು ನೋಡಿ, ಹಪ್ಪಳ ಕರಿಯುವಂಥ ಸದ್ದು! ಬೆಳಕಿಗೆ ಬೆನ್ನು ಹಾಕಿ ಆ ಸದ್ದನ್ನೇ ಕೇಳುತ್ತಾ, ಅದು ಜೋರಾದಾಗಲೆಲ್ಲ ಹಗ್ಗವನ್ನು ಇಷ್ಟಿಷ್ಟೇ ಎಳೆದೆ.

ಕೊಪ್ಪರಿಗೆಯನ್ನು ಕಲ್ಲುಗಳ ಮೇಲಿಟ್ಟು ನೀರು ತುಂಬಿದೆವು. ಗೌಡರೂ ಸೇರಿ ಮೂವರೂ ಬಗ್ಗಿ ತಳ ನೋಡಿದೆವು. ಒಂದು ಹನಿಯೂ ಜಿನುಗಲಿಲ್ಲ.

ವಾರ ಕಳೆದು ಗೌಡರು ಹೊಸ ಬೆಲ್ಲ ತಂದು ಯಜಮಾನರಿಗೆ ಕೊಡಲು ಹೋದರು. ಹೊಗಳುವುದರಲ್ಲಿ ಮಹಾ ಜಿಪುಣರಾದ ನಮ್ಮವರು ಕೈ ಚಾಚಲಿಲ್ಲ.

"ಅವ್ಳಿಗೆ ಕೊಡಿ ಗೌಡ್ರೇ. ನಾನು ಬರೀ ಕಡ್ಡಿ ಇಡಿಯೋನು. ಕರೆಂಟು ಅವ್ಳ್ ಕೈಲದೆ."

ಹಗ್ಗ ಹಿಡಿದ ಕೈಯಲ್ಲೇ ಆ ಬೆಲ್ಲ ತೆಗೆದುಕೊಂಡು, ಒಂದು ತುಂಡು ಮುರಿದು ಯಜಮಾನರ ಕೈಗಿಟ್ಟೆ.