ನೆರೂಳಿಗೆ ಹೋದ ಡಬ್ಬಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಮಗ ಹುಟ್ಟಿದ ದಿನ ರೈಲಿನ ಮೆಗಾಬ್ಲಾಕ್ ಇತ್ತು, ಹಳಿ ರಿಪೇರಿಗೆ ಗಾಡಿಗಳನ್ನು ನಿಲ್ಲಿಸಿದ್ದರು, ಅದಕ್ಕೇ ಅಣ್ಣ ಬರುವುದು ತಡವಾಯಿತು ಎಂದು ಐದು ವರ್ಷದಿಂದ ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಮೊನ್ನೆ ಆಸ್ಪತ್ರೆಯ ಫೈಲು ತೆಗೆದು ನೋಡಿದರೆ ಅವನು ಹುಟ್ಟಿದ್ದು ಬುಧವಾರ. ಮೆಗಾಬ್ಲಾಕ್ ಇರುವುದು ಭಾನುವಾರ.

ಖಚಿತವಾಗಿ ಗೊತ್ತಿರುವುದು ಇಷ್ಟು. ನನ್ನ ಮಗಳಿಗೆ ಥಲಸ್ಸೇಮಿಯಾ ಇತ್ತು. ಅವಳ ದೇಹ ಬೇಕಾದಷ್ಟು ರಕ್ತ ಮಾಡಿಕೊಳ್ಳುತ್ತಿರಲಿಲ್ಲ. ಮೂರು ವಾರಕ್ಕೊಮ್ಮೆ ಡೊಂಬಿವಲಿಯ ನಮ್ಮ ಮನೆಯಿಂದ ರೈಲಿನಲ್ಲಿ ಠಾಣೆಯ ಆಸ್ಪತ್ರೆಗೆ ಹೋಗಿ ಬೇರೆಯವರ ರಕ್ತ ಹಾಕಿಸಿಕೊಂಡು ಬರುತ್ತಿದ್ದೆವು. ನಾನು ಎರಡನೆಯ ಸಲ ಬಸಿರಾದಾಗ ಪರೀಕ್ಷೆ ಮಾಡಿ, ಈ ಮಗುವಿಗೆ ಕಾಯಿಲೆ ಇಲ್ಲ, ಅಕ್ಕನಿಗೆ ಹೊಂದಿಕೆಯೂ ಆಗುತ್ತದೆ ಎಂದರು. ಹೆರಿಗೆಯಾದ ಕೂಡಲೇ ಹೊಕ್ಕುಳಬಳ್ಳಿಯಲ್ಲಿ ಉಳಿಯುವ ರಕ್ತವನ್ನು ಹಿಡಿದಿಟ್ಟರೆ ಅದರಲ್ಲಿ ಹೊಸ ರಕ್ತ ಹುಟ್ಟಿಸುವ ಸ್ಟೆಮ್ ಸೆಲ್‌ಗಳಿರುತ್ತವೆ, ಮಗುವಿಗೆ ನೋವಿಲ್ಲ, ಆದರೆ ಸಿಗುವುದು ಸ್ವಲ್ಪ ಎಂದು ಡಾಕ್ಟರು ವಿವರಿಸಿದರು. ಅಸ್ಥಿಮಜ್ಜೆಯಲ್ಲಿ ಧಾರಾಳ ಸಿಗುತ್ತದೆ. ಅದಕ್ಕೆ ಮಗು ದೊಡ್ಡದಾಗುವವರೆಗೆ ಕಾಯಬೇಕು, ಸೊಂಟದ ಮೂಳೆಗೆ ಸೂಜಿ ಹಾಕಬೇಕು. ಬಳ್ಳಿಯ ರಕ್ತ ಸಾಕಾದರೆ ಚಿಕ್ಕದನ್ನು ಮುಟ್ಟುವುದೇ ಬೇಡ.

ರಕ್ತ ಹಿಡಿಯುವ ಕಿಟ್ ಎಂಟನೆಯ ತಿಂಗಳಲ್ಲಿ ಮನೆಗೆ ಬಂತು. ಚಪ್ಪಲಿ ಡಬ್ಬಿಯಷ್ಟು ದೊಡ್ಡದು, ಬಿಳಿ. ಮೇಲಿನ ಚೀಟಿಯಲ್ಲಿ ನನ್ನ ಹೆಸರು, ಅದರ ಮುಂದೆ ‘ಮಗು’. ನನ್ನನ್ನು ನೋಡಿ ಹೋಗಲು ನೆರೂಳಿನಿಂದ ಬಂದಿದ್ದ ಅಮ್ಮನ ಕಣ್ಣಿಗೆ ಅದು ಬಿತ್ತು.

“ಎಂತ ಮಾರಾಯ್ತಿ ಇದು? ಹುಟ್ಟುವ ಮೊದಲು ಮಗುವಿಗೆ ಅಂತ ಒಂದು ಟೊಪ್ಪಿ ಸಹ ಮನೆಗೆ ತರ್ಲಿಕ್ಕಿಲ್ಲ.”

“ಟೊಪ್ಪಿ ಅಲ್ಲಮ್ಮ, ಆಸ್ಪತ್ರೆ ಸಾಮಾನು.”

“ಇವಳು ಹುಟ್ಟುವ ಮೊದಲು ಸ್ವೆಟರ್ ತಂದಿಟ್ಟಿದ್ದಿ, ನೆನಪುಂಟಲ್ಲ? ಇರ್ಲಿ. ಎಮ್ಮೆಸ್ಸಿ ಓದಿದವಳಿಗೆ ನಾನು ಎಂತ ಹೇಳುದು.”

ಮಗಳು ಡಬ್ಬಿಯನ್ನು ಅಲ್ಲಾಡಿಸಿ ನೋಡಿ, “ಅಜ್ಜಿ, ಬೇಬಿ ಇಸ್ ಡಬ್ಬೇ ಮೇ ಆಯೇಗಾ ಕ್ಯಾ?” ಎಂದಳು. ಮಗು ಈ ಡಬ್ಬಿಯಲ್ಲಿ ಬರುತ್ತದಾ ಅಂತ. ನಾನು ನಕ್ಕೆ ಎಂದು ಕಾಣುತ್ತದೆ. ಅಮ್ಮ ನಗಲಿಲ್ಲ. ಆ ಸಂಜೆ ಚೀಟಿ ಗೋಡೆಯ ಕಡೆಗೆ ಬರುವ ಹಾಗೆ ನಾನು ಡಬ್ಬಿಯನ್ನು ತಿರುಗಿಸಿಟ್ಟದ್ದು ನೆನಪಿದೆ.

ಮರುದಿನ ಅಮ್ಮ ಹೊರಟಾಗ ಡಬ್ಬಿ ಅವಳ ಚೀಲದಲ್ಲಿತ್ತು. “ದಿನ ಹತ್ತಿರ ಬರುವಾಗ ತರ್ತೇನೆ” ಎಂದಳು. ಅದಕ್ಕೂ ಮೊದಲು ಬಾಗಿಲಲ್ಲಿ ನಾವಿಬ್ಬರೂ ಏನೋ ಮಾತಾಡಿದ್ದೆವು. ಆ ಮಾತು ನನಗೆ ಸಿಗುತ್ತಿಲ್ಲ.

ಹೆರಿಗೆ ಮೂರು ವಾರ ಮೊದಲೇ ಆಯಿತು. ಅಣ್ಣ ನೆರೂಳಿನ ಮನೆಯಿಂದ ಡಬ್ಬಿ ಹಿಡಿದು, ಠಾಣೆಯಲ್ಲಿ ಗಾಡಿ ಬದಲಿಸಿ ಡೊಂಬಿವಲಿಯ ಆಸ್ಪತ್ರೆಗೆ ಬಂದ. ಅಷ್ಟರಲ್ಲಿ ಮಗ ಹುಟ್ಟಿ ಅರ್ಧ ಗಂಟೆಯ ಮೇಲಾಗಿತ್ತು. ಬಳ್ಳಿಯನ್ನು ಎಸೆದಾಗಿತ್ತು. “ಗಾಡಿ ಲೇಟ್” ಎಂದ. ಸರಿ ಎಂದೆ. ಯಾರೋ ಚಹಾ ಕೊಟ್ಟರು, ಕುಡಿದೆ.

ಎರಡು ವರ್ಷ ಕಾದೆವು. ಮತ್ತೆ ಠಾಣೆ, ಮತ್ತೆ ರಕ್ತ. ಆ ರಕ್ತದ ಕಬ್ಬಿಣ ಮಗಳ ಯಕೃತ್ತಿನಲ್ಲಿ ಸೇರುತ್ತಾ ಹೋಯಿತು. ಆಮೇಲೆ ಮಗನಿಗೆ ಅರಿವಳಿಕೆ ಕೊಟ್ಟು ಸೊಂಟದ ಮೂಳೆಯಿಂದ ಮಜ್ಜೆ ತೆಗೆದರು. ಅದು ಅವಳಲ್ಲಿ ಹಿಡಿಯಿತು. ಈಗ ಅವಳಿಗೆ ಯಾರ ರಕ್ತವೂ ಬೇಡ. ಶಾಲೆಗೆ ಹೋಗುತ್ತಾಳೆ, ನನ್ನ ಮೇಲೆ ರೇಗುತ್ತಾಳೆ. ಇದನ್ನು ಬರೆಯುವಾಗ ನನಗೆ ಸಂತೋಷವಾಗಬೇಕಿತ್ತು. ಬಳ್ಳಿಯ ರಕ್ತ ಸಿಕ್ಕಿದ್ದರೂ ಆರು ವರ್ಷದವಳಿಗೆ ಅದೊಂದೇ ಸಾಲುತ್ತಿರಲಿಲ್ಲವೇನೋ ಎಂದು ಡಾಕ್ಟರು ಹೇಳಿದ ನೆನಪು. ನನಗೆ ಬೇಕು ಅಂತ ಆ ಮಾತನ್ನು ಅವರ ಬಾಯಲ್ಲಿ ಇಟ್ಟಿದ್ದೇನೆಯೋ ಏನೋ. ಮಗನಿಗೆ ಸ್ನಾನ ಮಾಡಿಸುವಾಗ ಸೊಂಟದ ಹಿಂದೆ ಸೂಜಿಯ ಎರಡು ಚುಕ್ಕೆ ಹುಡುಕುತ್ತೇನೆ. ಒಂದು ದಿನ ಕಾಣುತ್ತವೆ, ಒಂದು ದಿನ ಇಲ್ಲ.

ಡಬ್ಬಿ ಕೊಂಡುಹೋಗಿ ಕೆಡಿಸಿದವಳು ಅಮ್ಮ ಎಂದೇ ಮನೆಯಲ್ಲಿ ಎಲ್ಲರ ಮಾತು. ಅವಳು ಒಮ್ಮೆಯೂ ಅಲ್ಲ ಎನ್ನಲಿಲ್ಲ. ಆದರೆ ಬುಧವಾರವನ್ನು ಭಾನುವಾರ ಮಾಡಿದವಳು ನಾನು. ಹೋದ ವಾರ ನೆರೂಳಿನಲ್ಲಿ ಅವಳು ಬಸಳೆ ಬಿಡಿಸುತ್ತಿದ್ದಾಗ ಎದುರಿಗೆ ಕೂತು ಕೇಳಿದೆ. ಅವಳು ದಂಟು ಮುರಿಯುತ್ತಲೇ ಇದ್ದಳು. ಆಮೇಲೆ ಫೋನಿನಲ್ಲೂ ಆ ವಿಷಯ ಎತ್ತಿಲ್ಲ. ನಾನು ಕೇಳಿದ್ದು ಇಷ್ಟೇ:

“ಅಮ್ಮ, ಆ ದಿನ ಬಾಗಿಲಲ್ಲಿ, ಇದು ಇಲ್ಲಿ ಬೇಡ, ತಗೊಂಡು ಹೋಗು ಅಂತ ನಾನೇ ಹೇಳಿದ್ದಾ?”