ಅಕ್ಕನ ರಕ್ತ, ಕುರಿಯ ರಕ್ತ

ನಿನ್ನೆ ಹುತ್ತೂರಿನ ದಾರಿಯಲ್ಲಿ ಬಸ್ಸಿಗೆ ಕುರಿಮಂದೆ ಅಡ್ಡ ಬಂತು. ಉಣ್ಣೆಯ ವಾಸನೆಗೆ ಪಕ್ಕದವರು ಸೆರಗನ್ನು ಮೂಗಿಗೆ ಹಿಡಿದರು. ನನಗೆ ಮಾತ್ರ ಕುರಿಗಳನ್ನು ಕಂಡರೆ ಒಂದು ಬಗೆಯ ಕೃತಜ್ಞತೆ. ಯಾಕೆಂದು ಹೇಳುತ್ತೇನೆ, ಕೇಳಿ.

ಎಂಬತ್ತರ ದಶಕದ ಆರಂಭ. ನಾನು ಮಾಲೂರಿನಲ್ಲಿ ಪ್ರೈಮರಿ ಶಾಲೆಯ ಟೀಚರು. ಅಕ್ಕ ಸರೋಜ ಹುತ್ತೂರಿನ ಸೊಸೆಯಾಗಿ ರೇಷ್ಮೆಹುಳು ಸಾಕುತ್ತಿದ್ದಳು. ಕೆಲವೇ ವರ್ಷಗಳಲ್ಲಿ ಅವಳಿಗೆ ಮೂರು ಸಲ ಮಿದುಳು ಜ್ವರ ಬಂತು. ಮೂರು ಸಲವೂ ಬದುಕಿದಳು. ಮೂರನೆಯ ಸಲ ಎಡಗಿವಿ ಹೋಯಿತು. ಹೊತ್ತಿಗೆ ಸರಿಯಾಗಿ ಉಂಡರೆ ಹೀಗಾಗುತ್ತಿತ್ತೇ ಎಂದು ನಾನು ಉಪದೇಶ ಮಾಡುತ್ತಿದ್ದೆ. ನೆಗಡಿ ಬಿಟ್ಟರೆ ಬೇರೆ ಕಾಯಿಲೆ ಕಾಣದವಳು ನಾನು. ಅದು ನನ್ನದೇ ಸಾಧನೆಯೆಂದು ನಂಬಿದ್ದೆ.

ಕೋಲಾರದಲ್ಲಿ ಅವಳನ್ನು ನೋಡುತ್ತಿದ್ದ ಡಾಕ್ಟರಿಗೆ ಅಷ್ಟು ಸುಲಭಕ್ಕೆ ಸಮಾಧಾನವಾಗಲಿಲ್ಲ. ಮೂರು ಸಲವೂ ಒಂದೇ ಜಾತಿಯ ರೋಗಾಣು ಯಾಕೆ ಬರಬೇಕು?

"ಅಪ್ಪ ಅಮ್ಮ ಸಂಬಂಧದಲ್ಲೇ ಮದುವೆಯಾದವರಾ?" ಎಂದು ಕೇಳಿದರು.

"ಹೂಂ ಸಾರ್, ಅಪ್ಪ ಅಮ್ಮಂಗೆ ಸೋದರಮಾವ" ಎಂದೆ.

ಲ್ಯಾಬಿನ ಮುನಿಸ್ವಾಮಿ ನಂಗಲಿಯ ಕಡೆಯವನು, ಮಾತು ಅರ್ಧ ತೆಲುಗು. ಅವನು ಕುರಿಯ ರಕ್ತದ ಸೀಸೆ ತಂದಾಗ ಅಕ್ಕ ಗಾಬರಿಯಾದಳು. "ನನ್ ರಕ್ತ ನೋಡಕ್ಕೆ ಕುರಿ ಯಾಕಣ್ಣ?"

ಉತ್ತರ ಕೊಟ್ಟವರು ಡಾಕ್ಟರು. "ನಮ್ಮ ರಕ್ತದಲ್ಲಿ ಕಾಂಪ್ಲಿಮೆಂಟ್ ಅಂತ ಒಂದಷ್ಟು ಪ್ರೋಟೀನು ಇರುತ್ತಮ್ಮ. ಸುಮ್ಮನೆ ಓಡಾಡ್ಕೊಂಡಿರುತ್ತೆ. ರೋಗಾಣು ಬಂದಾಗ ಒಂದು ಎಚ್ಚರವಾಗಿ ಇನ್ನೊಂದನ್ನ ಎಬ್ಬಿಸುತ್ತೆ. ಕೆಲವು ಬಿಳಿ ರಕ್ತಕಣಗಳನ್ನ ಕರೆಯುತ್ತೆ, ಕೆಲವು ರೋಗಾಣುವಿಗೆ ಅಂಟಿಕೊಂಡು ಗುರುತು ಹಾಕುತ್ತೆ. ಕೊನೇವು ಸೇರಿ ಅದರ ಗೋಡೇಲಿ ತೂತೇ ಕೊರೆದುಬಿಡುತ್ತೆ. ಆ ತೂತು ಬೀಳುತ್ತೋ ಇಲ್ಲವೋ ಈ ಕುರಿಯ ಕಣದ ಮೇಲೆ ನೋಡೋಣ."

ಕುರಿಯ ರಕ್ತಕಣಗಳ ನೀರು ಕೆಂಪಗೆ, ಕದಡಿದಂತಿರುತ್ತದೆ. ಕಣಗಳು ಒಡೆದರೆ ತಿಳಿಯಾಗಿ, ಕೊಳವೆಯ ಹಿಂದೆ ಹಿಡಿದ ಪೇಪರಿನ ಅಕ್ಷರ ಓದಬಹುದು. ಹೋಲಿಸಿ ನೋಡಲು ಆರೋಗ್ಯವಂತರ ರಕ್ತವೂ ಬೇಕಿತ್ತು. ನಾನು ಹೆಮ್ಮೆಯಿಂದಲೇ ತೋಳು ಚಾಚಿದೆ.

ನಮ್ಮಿಬ್ಬರ ರಕ್ತ ಹೆಪ್ಪುಗಟ್ಟಿದಾಗ ಮೇಲೆ ನಿಂತ ತಿಳಿಯನ್ನು ಮುನಿಸ್ವಾಮಿ ಕುರಿಯ ಕಣಗಳಿದ್ದ ಒಂದೊಂದು ಕೊಳವೆಗೆ ಹಾಕಿದ. ಅರ್ಧ ಗಂಟೆ ಕಳೆಯಿತು. ಅಕ್ಕನ ಕೊಳವೆ ಕದಡಿಯೇ ಇತ್ತು. ಮುನಿಸ್ವಾಮಿ ನನ್ನದನ್ನು ಎತ್ತಿ ಹಿಡಿದ. "ಇದೇಮಿ ಸಾರ್, ಇದೂ ಹಂಗೇ ಐತೆ!"

ಮಾಡಿದ್ದರಲ್ಲೇ ಏನೋ ತಪ್ಪಿದೆಯೆಂದುಕೊಂಡು ಮುನಿಸ್ವಾಮಿ ಇನ್ನೊಂದು ಕೊಳವೆಗೆ ತನ್ನ ರಕ್ತದ ತಿಳಿ ಹಾಕಿ ನೋಡಿದ. ಅದು ತಿಳಿಯಾಯಿತು. ಅದರ ಹಿಂದಿನ ಅಕ್ಷರಗಳನ್ನು ನಾನೇ ಓದಿದೆ. ಅವನ ರಕ್ತದ ತಿಳಿಯನ್ನು ಒಂದಿಷ್ಟು ಬೆರೆಸಿದ ಮೇಲೆ ನಮ್ಮಿಬ್ಬರ ಕೊಳವೆಗಳೂ ತಿಳಿಯಾದವು. ನಮ್ಮಲ್ಲಿ ಇಲ್ಲದ ಪ್ರೋಟೀನು ಅವನಲ್ಲಿತ್ತು. ಸಂಬಂಧದಲ್ಲೇ ಮದುವೆಯಾದ ಅಪ್ಪ ಅಮ್ಮನಿಂದ ಇಬ್ಬರಿಗೂ ಈ ಕೊರತೆ ಬಂದಿರಬೇಕು ಎಂದರು ಡಾಕ್ಟರು.

"ಹಂಗಾದ್ರೆ ನಂಗ್ಯಾಕೆ ಏನೂ ಆಗಿಲ್ಲ?" ಎಂದೆ.

"ಗೊತ್ತಿಲ್ಲಮ್ಮ" ಎಂದರು ಡಾಕ್ಟರು. ಅಷ್ಟು ಓದಿದವರ ಬಾಯಲ್ಲಿ ಆ ಮಾತನ್ನು ನಾನು ಮೊದಲ ಸಲ ಕೇಳಿದ್ದು. ಆಮೇಲೆ ಇಬ್ಬರಿಗೂ ಒಂದೊಂದು ಚೀಟಿ ಬರೆದುಕೊಟ್ಟರು: ಜ್ವರದ ಜೊತೆ ತಲೆನೋವು ಬಂದರೆ ಆ ಕ್ಷಣವೇ ಆಸ್ಪತ್ರೆ, ಪೆನ್ಸಿಲಿನ್.

ಎರಡು ವರ್ಷದ ಬಳಿಕ, ಅಕ್ಕನ ಮನೆಯಲ್ಲಿದ್ದಾಗ, ಒಂದು ಮಧ್ಯಾಹ್ನ ನನಗೆ ಜ್ವರ ಬಂತು, ಜೊತೆಗೆ ತಲೆನೋವು. ಬಿಸಿಲಿನದ್ದು, ಮಲಗಿದರೆ ಹೋಗುತ್ತದೆ ಎಂದೆ.

"ಎದ್ದೇಳೇ! ನನ್ಗೂ ಹಿಂಗೇ ಶುರುವಾಗಿದ್ದು ಕಣೇ!" ಎಂದವಳೇ ಅಕ್ಕ, ಹುಳುಗಳಿಗೆ ಸೊಪ್ಪು ಹಾಕುವುದನ್ನೂ ಬಿಟ್ಟು, ಟೊಮೇಟೊ ಲಾರಿಗೆ ಕೈ ಅಡ್ಡಹಾಕಿ ನನ್ನನ್ನು ಕೋಲಾರಕ್ಕೆ ಸಾಗಿಸಿದಳು. ಆಸ್ಪತ್ರೆ ಮುಟ್ಟುವಾಗ ನನ್ನ ಕತ್ತು ಬಗ್ಗುತ್ತಿರಲಿಲ್ಲ. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ. ಆ ಬೇಸಿಗೆಯ ಹುಳುಗಳೆಲ್ಲ ಸತ್ತವು. ಅಕ್ಕ ಆ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ನಾನೂ ಮತ್ತೆ ಉಪದೇಶ ಮಾಡಲಿಲ್ಲ.

ಅವಳಿಗೆ ಮೂರು, ನನಗೆ ಒಂದೇ. ಯಾಕೆ? ಇಂದಿಗೂ ಯಾರನ್ನು ಕೇಳಿದರೂ ಪೂರ್ತಿ ಉತ್ತರ ಸಿಕ್ಕಿಲ್ಲ. ಕೇಳುವುದನ್ನು ನಾನೂ ಬಿಟ್ಟಿಲ್ಲ.

ನಿನ್ನೆ ಬಾಗಿಲು ತೆಗೆದ ಅಕ್ಕ, ಎಂದಿನಂತೆ, ಹೇಗಿದ್ದೀ ಎಂದು ಕೇಳುವ ಮೊದಲೇ ನನ್ನ ಹಣೆಗೆ ಅಂಗೈ ಇಟ್ಟಳು. ಇಷ್ಟು ವರ್ಷ ನಗುತ್ತಾ ಆ ಕೈ ಸರಿಸುತ್ತಿದ್ದೆ. ನಿನ್ನೆ ಸರಿಸಲಿಲ್ಲ. ನಾನೂ ಅವಳ ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು.